ಮಂಗಳವಾರದ ಹರಾಜು, ತಿಂಗಳಿಗೊಂದು ಬಡ್ಡಿ

ಈ ನವೆಂಬರಿನಲ್ಲಿ, ನಾನು ಕೊಂಡ ರಾಜ್ಯ ಸರ್ಕಾರದ ಸಾಲಪತ್ರಗಳಲ್ಲಿ ಕೊನೆಯ ಕಾಗದದ ಬಡ್ಡಿಯೂ ಖಾತೆಗೆ ಬಿತ್ತು. ಈಗ ಬಡ್ಡಿ ಬಾರದೆ ಖಾಲಿ ಹೋಗುವ ತಿಂಗಳು ವರ್ಷದಲ್ಲಿ ಒಂದೂ ಇಲ್ಲ. ರಾಜ್ಯದ ಸಾಲಪತ್ರ ನಂಬಿ ಇದನ್ನೆಲ್ಲ ಮಾಡೋಕಾಗಲ್ಲ ಅಂದವರು ಒಬ್ಬಿಬ್ಬರಲ್ಲ.

ಎಲ್ಲರೂ ಮೊದಲು ತೆಗೆಯುತ್ತಿದ್ದದ್ದು ನರ್ಮದೆಯ ಕಥೆ. ಸರ್ದಾರ್ ಸರೋವರಕ್ಕೆ ಅಂತ 1993ರಲ್ಲಿ ಬಂದ ಬಾಂಡ್. 3,600 ರೂಪಾಯಿ ಹಾಕಿದರೆ 2014ಕ್ಕೆ 1,11,000. ನಡುವೆ 2008ರಲ್ಲಿ ಗುಜರಾತ್ ಒಂದು ಕಾನೂನು ತಂದು, ಮರುವರ್ಷ 50,000 ಕೊಟ್ಟು ಲೆಕ್ಕ ಚುಕ್ತಾ ಮಾಡಿತು. ನಿಜವೇ. ಆದರೆ ಅದು ನಿಗಮದ ಬಾಂಡ್. ನಮ್ಮ ಕೃಷ್ಣಾ ಭಾಗ್ಯ ಜಲ ನಿಗಮದ್ದೂ ಅದೇ ಜಾತಿ, ಬೆನ್ನಿಗೆ ಸರ್ಕಾರದ ಗ್ಯಾರಂಟಿ. ನಾನು ಕೈಹಾಕಿದ್ದು ಎಸ್‌ಡಿಎಲ್‌ಗೆ, ಅಂದರೆ ರಾಜ್ಯ ಸರ್ಕಾರದ ಪರವಾಗಿ ಆರ್‌ಬಿಐ ಮಂಗಳವಾರ ಹರಾಜು ಹಾಕುವ ಸಾಲಪತ್ರಕ್ಕೆ. ಇಲ್ಲಿ ಸಾಲಗಾರ ರಾಜ್ಯವೇ. ಬಡ್ಡಿಯ ದಿನ ಆರ್‌ಬಿಐ ಅದರ ಖಾತೆಯಿಂದ ಮುರಿದುಕೊಂಡು ಕೊಡುತ್ತದೆ.

ಬಡ್ಡಿ ಆರು ತಿಂಗಳಿಗೊಮ್ಮೆ. ಹಾಗಾಗಿ ಸತತ ಆರು ತಿಂಗಳು, ತಿಂಗಳಿಗೊಂದು ಹೊಸ ಕಾಗದ ಕೊಂಡರೆ ಹನ್ನೆರಡೂ ತಿಂಗಳು ತುಂಬುತ್ತವೆ. 2021ರಲ್ಲಿ ಆರ್‌ಬಿಐನ ರಿಟೇಲ್ ಡೈರೆಕ್ಟ್, ಅಂದರೆ ಜನಸಾಮಾನ್ಯರೇ ನೇರ ಸರ್ಕಾರಿ ಸಾಲಪತ್ರ ಕೊಳ್ಳುವ ಜಾಲತಾಣ, ಬಂದಮೇಲೆ ಹತ್ತು ಸಾವಿರಕ್ಕೂ ಬಿಡ್ ಹಾಕಬಹುದಲ್ವಾ, ಆ ಧೈರ್ಯದ ಮೇಲೆ ಇಳಿದೆ.

ಮೊದಲ ಬಿಡ್ಡೇ ಕೈಕೊಟ್ಟಿತು. ಸೋಮವಾರ ರಾತ್ರಿ ದುಡ್ಡು ಕಳಿಸಲು ಹೋದರೆ ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ಮಿತಿ ಮುಗಿದಿತ್ತು. ಆಮೇಲೆ ಹಳೇ ಕಾಗದ ಕೊಳ್ಳೋಣ ಅಂತ ಮಾರುಕಟ್ಟೆಯಲ್ಲಿ ಎರಡು ತಿಂಗಳು ಕಾದೆ. ನನ್ನಂಥ ಸಣ್ಣವರಿಗೆ ಕೊಡುವವರೇ ಇಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಹೋದ ವರ್ಷದ ನವೆಂಬರಿನಲ್ಲಿ. ಎರಡು ಲಕ್ಷಕ್ಕೆ ಬಿಡ್ ಹಾಕಿದೆ, ಸಿಕ್ಕಿತು. ಆದರೆ ಸುಮಾರು ಮೂರು ಮುಕ್ಕಾಲು ಸಾವಿರ ಜಾಸ್ತಿ ಹೋಗಿದೆ! ಪ್ರಕಟಣೆ ತೆಗೆದು ನೋಡಿದರೆ ಹೆಸರಿನ ಪಕ್ಕದಲ್ಲೇ 'ರೀ-ಇಶ್ಯೂ' ಅಂತಿದೆ. ಅಂದರೆ ಆಗಸ್ಟ್‌ನಲ್ಲೇ ಹೊರಟಿದ್ದ ಕಾಗದವನ್ನು ಮತ್ತೆ ಮಾರಿದ್ದು, ಬಡ್ಡಿ ಬರುವುದು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ. ಮೂರು ತಿಂಗಳ ಬಡ್ಡಿಯನ್ನು ನಾನೇ ಮುಂಗಡ ಕಟ್ಟಿದ್ದೆ. ಫೆಬ್ರವರಿಯಲ್ಲಿ ವಾಪಸ್ ಬಂತು ಬಿಡಿ, ಆದರೆ ಮೇ-ನವೆಂಬರ್ ಖಾಲಿ ಉಳಿಯಿತು. ಅದನ್ನು ತುಂಬಲು ಮೇನಲ್ಲಿ ಏಳನೆಯದು ಕೊಳ್ಳಬೇಕಾಯಿತು. ಈಗ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸು, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಡಬಲ್.

ನಡುವೆ ಒಂದು ಹುಚ್ಚು. ನನ್ನ ದುಡ್ಡು ಯಾವ ಸೇತುವೆಗೆ ಹೋಯಿತು ಅಂತ ಬಜೆಟ್ ಪುಸ್ತಕಗಳಲ್ಲಿ ಹುಡುಕಿದೆ. ಸಿಗಲ್ಲ, ಎಲ್ಲ ಒಂದೇ ಹಗೇವಿಗೆ ಬೀಳುತ್ತದೆ. 2005ರಲ್ಲಿ ಕರ್ನಾಟಕದಲ್ಲಿ ಹಲವು ಊರುಗಳಿಗೆ ಸೇರಿಸಿ ಒಟ್ಟಿಗೆ ಎತ್ತಿದ ಪೂಲ್ಡ್ ಫಂಡ್ ಬಾಂಡ್ ಹಾಗಿರಲಿಲ್ಲ. ಆ ನೂರು ಕೋಟಿ ಬೆಂಗಳೂರಿನ ಸುತ್ತಲಿನ ಎಂಟು ಊರುಗಳ ನೀರಿನ ಕೆಲಸಕ್ಕೆ ಅಂತಲೇ ಎತ್ತಿದ್ದು.

ಇನ್ನೊಂದು, ರಾಜ್ಯ ರಾಜ್ಯದ ದರ ಬರೆದಿಡುವುದು. 1999ರಲ್ಲಿ ಹರಾಜು ಶುರುವಾಗುವ ತನಕ ಎಲ್ಲ ರಾಜ್ಯಕ್ಕೂ ಒಂದೇ ದರ. ಪೂರ್ತಿ ಹರಾಜಾದದ್ದು 2006-07ರಿಂದ. ಈಗಲೂ ಒಂದೇ ದಿನ, ಒಂದೇ ಅವಧಿಗೆ ರಾಜ್ಯಗಳ ನಡುವೆ ಸಾಮಾನ್ಯವಾಗಿ ನೂರು ರೂಪಾಯಿಗೆ ವರ್ಷಕ್ಕೆ ಐದಾರು ಪೈಸೆ ಬಡ್ಡಿ ವ್ಯತ್ಯಾಸವಾದರೆ ಅದೇ ಹೆಚ್ಚು. ಅದಕ್ಕಿಂತ ಯಾವ ವಾರ ಕೊಳ್ಳುತ್ತೀರಿ ಅನ್ನುವುದೇ ಮುಖ್ಯ. ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚಿನ ರಾಜ್ಯಗಳು ಒಟ್ಟಿಗೆ ಸಾಲಕ್ಕೆ ನುಗ್ಗುತ್ತವೆ, ಆಗ ದರ ಏರುವುದುಂಟು, ಅಷ್ಟು ಹೇಳಬಲ್ಲೆ. ಅದರೊಳಗೆ ನಾನು ಯಾವ ಮಂಗಳವಾರ ಆರಿಸುತ್ತೇನೆ ಅನ್ನುವುದು ನೋಟ್‌ಬುಕ್ಕಿನಲ್ಲೇ ಇರಲಿ. ನರ್ಮದೆಯ ಕಥೆ ಹೇಳುತ್ತಿದ್ದ ಗೆಳೆಯನೊಬ್ಬ ಮೊನ್ನೆ ಅದನ್ನೇ ಕೇಳಿದ. ಅವನಿಗೂ ಕೊಟ್ಟಿಲ್ಲ.