ಕೋಳಿಗಳ ನೀರು ಹಿಕ್ಕೆ ಹೇಗೆ ನಿಂತಿತು: ನನ್ನ ಅನುಭವ

ನಮ್ಮ ಗಿರಿರಾಜ ಕೋಳಿಗಳ ಹಿಕ್ಕೆ ನೀರಾಗುತ್ತಿತ್ತು. ತೂಕ ಏರುತ್ತಿರಲಿಲ್ಲ. ಶೆಡ್ಡಿಗೆ ಹೋದರೆ ಅಮೋನಿಯಾಕ್ಕೆ ಕಣ್ಣುರಿ. ಪಶುವೈದ್ಯರು ಹಿಕ್ಕೆ ಪರೀಕ್ಷೆ ಮಾಡಿಸಿ, "ರಕ್ತಭೇದಿ ಅಲ್ಲ, ಕರುಳಿನ ಬ್ಯಾಕ್ಟೀರಿಯಾ ಏರುಪೇರಾಗಿದೆ, ಸದ್ಯಕ್ಕೆ ಆಂಟಿಬಯೋಟಿಕ್ ಬೇಡ" ಅಂದರು.

ಕ್ಲಾಸ್ಟ್ರಿಡಿಯಂ ಥರದ ಕೆಟ್ಟ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕೋಳಿಯ ಕರುಳಲ್ಲೂ ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ನಂಥ ಒಳ್ಳೆಯವು ಕಡಿಮೆಯಾದರೆ ಅದು ತಲೆ ಎತ್ತುತ್ತದೆ.

ಮೊದಲು ಸೋರುತ್ತಿದ್ದ ನಿಪ್ಪಲ್ (ಕೋಳಿ ನೀರು ಕುಡಿಯುವ ನಳಿಕೆ) ಬದಲಿಸಿದೆ. ಒದ್ದೆ ಹೊಟ್ಟು ತೆಗೆದು ಒಣ ಭತ್ತದ ಹೊಟ್ಟು ಹಾಸಿದೆ. ಆಮೇಲೆ ಒಂದು ಕೆಜಿ ಫೀಡಿಗೆ 5 ಗ್ರಾಂ ಅರಿಸಿನ, 5 ಗ್ರಾಂ ಬೆಳ್ಳುಳ್ಳಿ ಪುಡಿ. ನೇರವಾಗಿ ಸುರಿದರೆ ತಳಕ್ಕೆ ಕೂರುತ್ತದೆ. ಮೊದಲು ಸ್ವಲ್ಪ ಫೀಡಲ್ಲಿ ಕಲಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಬೇಕು. ಬೆಳ್ಳುಳ್ಳಿಯ ಆಲಿಸಿನ್, ಅರಿಸಿನದ ಕರ್ಕ್ಯುಮಿನ್ ಎರಡಕ್ಕೂ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ. ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅಂತೇನಿಲ್ಲ, ಘಾಟಿಗೆ ಕೋಳಿ ಮೇವನ್ನೇ ಬಿಡಬಹುದು.

ಹಿಕ್ಕೆ ಗಟ್ಟಿಯಾಯಿತು, ವಾಸನೆಯೂ ಇಳಿಯಿತು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಒಣ ಹೊಟ್ಟಿನದ್ದೇ! ಅಂದಹಾಗೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅರಿಸಿನ ನಂಬಿ ಕೂರಬೇಡಿ, ಅದಕ್ಕೆ ಔಷಧಿಯೇ ಬೇಕು.