ಸ್ಟ್ರೀಮರ್ ಹಾಡು ನಿಲ್ಲಿಸಿದರೆ ದಾರಿ ಹಿಡಿದು ಹುಡುಕಿ

ಬಾಗಲಕೋಟೆಯ ಹಳೆಯ ಊರಿನಲ್ಲಿರುವ ನಮ್ಮ ಮನೆಯ ಗೋಡೆಗಳು ಒಂದೂವರೆ ಮೊಳ ದಪ್ಪ. ಕಲ್ಲು, ಮಣ್ಣು ಸೇರಿಸಿ ಕಟ್ಟಿದವು. ಏಪ್ರಿಲ್ ಬಿಸಿಲಿನಲ್ಲೂ ನಡುಮನೆ ತಂಪಾಗಿರುತ್ತದೆ. ಅಲ್ಲಿಯೇ ಅಪ್ಪ ಸಂಜೆ ಹೊತ್ತು ಸಂಗೀತ ಕೇಳಲು ಕೂಡುತ್ತಾರೆ. ಕ್ಯಾಸೆಟ್‌ಗಳು ಸವೆದು ಹೋದ ಮೇಲೆ ಅವರ ಹಳೆಯ ಆಂಪ್ಲಿಫೈಯರ್‌ಗೆ ಒಂದು ಮ್ಯೂಸಿಕ್ ಸ್ಟ್ರೀಮರ್ ಜೋಡಿಸಿಕೊಟ್ಟೆವು. ಮನೆಯ ವೈಫೈ ಹಿಡಿದು ಇಂಟರ್‌ನೆಟ್‌ನಿಂದ ಹಾಡು ತಂದು ಸ್ಪೀಕರ್‌ಗೆ ಕೊಡುವ ಪುಟ್ಟ ಪೆಟ್ಟಿಗೆ ಅದು. ಕುಮಾರ ಗಂಧರ್ವರೆಂದರೆ ಅಪ್ಪನಿಗೆ ಪಂಚಪ್ರಾಣ. 1924ರಲ್ಲಿ ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ ನಮ್ಮ ಕಡೆಯವರು ಎಂಬ ಅಭಿಮಾನ ಬೇರೆ. ಒಂದು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಆಲಾಪ ಏರುತ್ತಿರುವಾಗಲೇ ಹಾಡು ಕಡಿದು ಬೀಳತೊಡಗಿತು. ಕೆಲವು ದಿನ ಪೆಟ್ಟಿಗೆ ಮೊಬೈಲಿನಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಎರಡು ವಾರ ನಾನು ಸಿಕ್ಕಿದ್ದನ್ನೆಲ್ಲ ಬದಲಾಯಿಸಿದೆ. ಹೆಚ್ಚು ಹಣ ಕೊಟ್ಟು ವೇಗದ ಪ್ಲಾನ್ ಹಾಕಿಸಿದೆ, ಸ್ಟ್ರೀಮರ್ ಅನ್ನು ರೀಸೆಟ್ ಮಾಡಿದೆ, ರೂಟರ್ ಪಾಸ್‌ವರ್ಡ್ ಬದಲಿಸಿದೆ. ಯಾವುದೂ ನಾಟಲಿಲ್ಲ. ಕೊನೆಗೆ ಕಾಗದದ ಮೇಲೆ ಹಾಡು ಬರುವ ದಾರಿ ಬರೆದು, ಒಂದೊಂದೇ ತುಂಡನ್ನು ಪರೀಕ್ಷಿಸಿದಾಗ ಅರ್ಧ ದಿನದಲ್ಲಿ ಕಾರಣ ಸಿಕ್ಕಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹತ್ತು ನಿಮಿಷ ಹಾಡು ಕೇಳಿ, ಆಮೇಲೆ ಮುಂದಿನದಕ್ಕೆ ಹೋಗಿ.

ವೇಗ ಸಾಲದೇ?

ಬಹುತೇಕರ ಮೊದಲ ಅನುಮಾನ ಇಂಟರ್‌ನೆಟ್ ವೇಗದ ಮೇಲೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಉತ್ತಮ ಗುಣಮಟ್ಟದ ಎಂಪಿ3 ಹಾಡಿಗೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ಸಿಡಿಯಲ್ಲಿರುವ ಸಂಗೀತವನ್ನು ಒಂದಿಷ್ಟೂ ಕುಗ್ಗಿಸದೆ ಕಳುಹಿಸಿದರೂ 1,411 ಕಿಲೋಬಿಟ್, ಅಂದರೆ ಒಂದೂವರೆ ಮೆಗಾಬಿಟ್‌ಗಿಂತ ಕಡಿಮೆ. ಅದಕ್ಕೂ ಮೇಲ್ಮಟ್ಟದ 24 ಬಿಟ್, 192 ಕಿಲೋಹರ್ಟ್ಸ್ ಧ್ವನಿಗೆ 9.2 ಮೆಗಾಬಿಟ್. 30 ಮೆಗಾಬಿಟ್‌ನ ಪ್ಲಾನ್ ಇದ್ದವರು ವೇಗಕ್ಕಾಗಿ ಹಣ ಸುರಿಯುವ ಅಗತ್ಯವಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಕಡಿಯದೆ ಬಂದರೆ ಕೊಡ ತುಂಬುತ್ತದೆ. ಸ್ಟ್ರೀಮರ್ ಕೂಡ ಕೆಲವು ಸೆಕೆಂಡುಗಳ ಹಾಡನ್ನು ಮುಂಚೆಯೇ ತುಂಬಿಟ್ಟುಕೊಂಡು ನುಡಿಸುತ್ತದೆ. ಆ ಸಂಗ್ರಹ ಬತ್ತುವಷ್ಟು ಹೊತ್ತು ಸಂಪರ್ಕ ಕಡಿದರೆ ಮಾತ್ರ ಹಾಡು ನಿಲ್ಲುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಎಲ್ಲಿ ಕಡಿಯುತ್ತಿದೆ ಎಂಬುದನ್ನು.

ದಾರಿಯ ನಕ್ಷೆ ಬರೆಯಿರಿ

ಬೀದಿಯ ಕಂಬದಿಂದ ಫೈಬರ್ ತಂತಿ ಮನೆಯ ಫೈಬರ್ ಬಾಕ್ಸ್‌ಗೆ, ಅಲ್ಲಿಂದ ರೂಟರ್‌ಗೆ (ಅನೇಕ ಮನೆಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ), ರೂಟರ್‌ನಿಂದ ವೈಫೈ ಅಥವಾ ಲ್ಯಾನ್ ಕೇಬಲ್ ಮೂಲಕ ಸ್ಟ್ರೀಮರ್‌ಗೆ. ಮೊಬೈಲ್ ಈ ಸಾಲಿನಿಂದ ಸ್ವಲ್ಪ ಪಕ್ಕಕ್ಕಿರುತ್ತದೆ. ಹೆಚ್ಚಿನ ಸೇವೆಗಳಲ್ಲಿ ಮೊಬೈಲ್ ಬರೀ ರಿಮೋಟ್. ಹಾಡನ್ನು ಆಯ್ಕೆ ಮಾಡಿದ ಮೇಲೆ ಸ್ಟ್ರೀಮರ್ ತಾನೇ ಇಂಟರ್‌ನೆಟ್‌ನಿಂದ ಅದನ್ನು ತರಿಸಿಕೊಳ್ಳುತ್ತದೆ. ಬ್ಲೂಟೂತ್ ಅಥವಾ ಏರ್‌ಪ್ಲೇ (ಐಫೋನ್‌ನಿಂದ ವೈಫೈ ಮೂಲಕ ಹಾಡು ಕಳುಹಿಸುವ ವಿಧಾನ) ಬಳಸಿದರೆ ಮಾತ್ರ ಹಾಡು ಮೊಬೈಲಿನಿಂದ ಹೊರಡುತ್ತದೆ.

ಈಗ ನಿಮ್ಮ ತೊಂದರೆ ಯಾವುದೆಂದು ಗುರುತಿಸಿ. ಮನೆಯಲ್ಲಿ ಯಾರಿಗೂ ನೆಟ್ ಇಲ್ಲವೇ? ನೆಟ್ ಇದ್ದರೂ ಆ್ಯಪ್‌ನಲ್ಲಿ ಸ್ಟ್ರೀಮರ್ ಕಾಣುತ್ತಿಲ್ಲವೇ? ಅಥವಾ ಕಾಣುತ್ತದೆ, ಹಾಡುತ್ತದೆ, ನಡುವೆ ನಿಲ್ಲುತ್ತದೆಯೇ? ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ಸ್ಟ್ರೀಮರ್‌ನಲ್ಲಿ ಯುಎಸ್‌ಬಿ ಕಿಂಡಿ ಇದ್ದರೆ ಪೆನ್‌ಡ್ರೈವ್‌ನಲ್ಲಿ ಎರಡು ಹಾಡು ಹಾಕಿ ನುಡಿಸಿ. ಅವು ಅಡ್ಡಿಯಿಲ್ಲದೆ ಕೇಳಿದರೆ ಪೆಟ್ಟಿಗೆ, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಗಟ್ಟಿಯಾಗಿವೆ ಎಂದರ್ಥ.

ಮೊದಲು ದೀಪಗಳನ್ನು ನೋಡಿ

ಫೈಬರ್ ಬಾಕ್ಸ್ ಮೇಲೆ ಎಲ್‌ಒಎಸ್ ಎಂಬ ದೀಪವಿರುತ್ತದೆ. ಅದು ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಬೀದಿಯಿಂದ ಬೆಳಕೇ ಬರುತ್ತಿಲ್ಲ. ಫೈಬರ್ ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕು ಮಡಚಿಕೊಂಡಿದೆಯೇ, ಇಲಿ ಕಡಿದಿದೆಯೇ ನೋಡಿ. ಅದರೊಳಗಿರುವುದು ಗಾಜಿನ ಎಳೆ, ಜಗ್ಗಿ ನೆಟ್ಟಗೆ ಮಾಡಲು ಹೋಗಬೇಡಿ. ಸಂಪರ್ಕ ಕೊಟ್ಟವರನ್ನು ಕರೆಯಿರಿ.

ದೀಪಗಳು ಸರಿಯಿದ್ದರೆ ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈ ಒಂದನ್ನೇ ಇಟ್ಟುಕೊಂಡು ಸ್ಟ್ರೀಮರ್ ಪಕ್ಕದಲ್ಲೇ ನಿಂತು ಯಾವುದಾದರೂ ಜಾಲತಾಣ ತೆರೆಯಿರಿ. ರೂಟರ್ ಬಳಿ ನಿಂತು ಮಾಡುವ ಪರೀಕ್ಷೆ ಸ್ಟ್ರೀಮರ್ ಇರುವ ಜಾಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ನಮ್ಮ ಕಡೆ ಅತಿ ಹೆಚ್ಚು ಕಾಡುವ, ಆದರೆ ಯಾರೂ ಅನುಮಾನಿಸದ ಕಾರಣ ಇದು. ಕರೆಂಟ್ ಬಂದ ಕೂಡಲೇ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಏಳುತ್ತವೆ. ಸ್ಟ್ರೀಮರ್ ಅರ್ಧ ನಿಮಿಷದಲ್ಲಿ ಸಿದ್ಧ. ಫೈಬರ್ ಬಾಕ್ಸ್ ಮತ್ತು ರೂಟರ್ ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಮನೆಯ ಪ್ರತಿ ಉಪಕರಣಕ್ಕೂ ಐಪಿ ವಿಳಾಸ, ಅಂದರೆ ಜಾಲದೊಳಗೆ ಅದನ್ನು ಗುರುತಿಸುವ ಸಂಖ್ಯೆ, ಹಂಚುವುದು ರೂಟರ್ ಕೆಲಸ. ಅದು ಇನ್ನೂ ಎದ್ದಿರದಿದ್ದರೆ ಸ್ಟ್ರೀಮರ್ ಕೇಳಿ ಕೇಳಿ ಸೋತು ತನಗೆ ತಾನೇ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಆ ವಿಳಾಸ 169.254 ಎಂದು ಆರಂಭವಾಗುತ್ತದೆ. ಅಂಥ ವಿಳಾಸದಿಂದ ಇಂಟರ್‌ನೆಟ್ ತಲುಪಲು ಆಗುವುದಿಲ್ಲ.

ಸ್ಟ್ರೀಮರ್ ಪರದೆಯಲ್ಲಿ ನೆಟ್‌ವರ್ಕ್ ಮಾಹಿತಿ ತೆರೆದು ವಿಳಾಸ ಓದಿ. 192.168 ಎಂದು ಆರಂಭವಾಗಿದ್ದರೆ ಸಾಮಾನ್ಯವಾಗಿ ಸರಿ. 169.254 ಇದ್ದರೆ ಎಲ್ಲವನ್ನೂ ಆರಿಸಿ. ಮೊದಲು ಫೈಬರ್ ಬಾಕ್ಸ್ ಹಾಕಿ, ದೀಪಗಳು ನಿಲ್ಲುವವರೆಗೆ ಕಾಯಿರಿ. ಬಳಿಕ ರೂಟರ್, ಎರಡು ನಿಮಿಷ ಬಿಟ್ಟು ಸ್ಟ್ರೀಮರ್. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿ ಒಂದೇ ಸ್ವಿಚ್ ಒತ್ತುವವರಿಗೆ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ.

ಶಾಶ್ವತ ಪರಿಹಾರವೆಂದರೆ ರೂಟರ್‌ಗೆ ಮೀಸಲಾದ ಸಣ್ಣ ಯುಪಿಎಸ್. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ಚೀಟಿ ಓದಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆಂಪಿಯರ್ ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಎಂಬುದನ್ನು ಮರೆಯಬೇಡಿ.

ಎರಡು ರೂಟರ್ ಇದ್ದರೆ ಎರಡು ಮನೆ

ಸ್ಟ್ರೀಮರ್ ವೈಫೈಗೆ ಸೇರಿದೆ, ಮೊಬೈಲೂ ಸೇರಿದೆ, ಆದರೂ ಆ್ಯಪ್‌ನಲ್ಲಿ ಪೆಟ್ಟಿಗೆ ಕಾಣುವುದಿಲ್ಲ. ಇಂಥ ದೂರಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಮನೆಯಲ್ಲಿ ಎಷ್ಟು ರೂಟರ್ ಇವೆ? ಅನೇಕ ಸಲ ಸಂಪರ್ಕ ಕೊಟ್ಟವರ ಫೈಬರ್ ಬಾಕ್ಸ್‌ನಲ್ಲೇ ಒಂದು ರೂಟರ್ ಅಡಗಿರುತ್ತದೆ. ವೈಫೈ ಮಹಡಿಗೆ ಬರಲಿಲ್ಲವೆಂದು ನಾವು ಇನ್ನೊಂದು ತಂದು ಅದಕ್ಕೆ ಜೋಡಿಸುತ್ತೇವೆ. ಎರಡೂ ತಮ್ಮದೇ ವಿಳಾಸ ಹಂಚತೊಡಗುತ್ತವೆ. ಸ್ಟ್ರೀಮರ್ ಒಂದರಲ್ಲಿ, ಮೊಬೈಲ್ ಇನ್ನೊಂದರಲ್ಲಿ ಉಳಿದರೆ ಒಂದರ ಕೂಗು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಆ್ಯಪ್ ತೆರೆದಾಗ ಮೊಬೈಲ್ ‘ಇಲ್ಲಿ ಸ್ಟ್ರೀಮರ್ ಯಾರಾದರೂ ಇದ್ದೀರಾ’ ಎಂದು ತನ್ನ ಜಾಲದೊಳಗೆ ಕೂಗುತ್ತದೆ. ಆ ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ.

ಎರಡರ ಐಪಿ ವಿಳಾಸವನ್ನೂ ಬರೆದುಕೊಂಡು ಹೋಲಿಸಿ. ಒಂದು 192.168.1.7, ಇನ್ನೊಂದು 192.168.0.12 ಎಂದಿದ್ದರೆ ಕಾರಣ ಸಿಕ್ಕಿತು. ಎರಡನೆಯ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ಬರೀ ವೈಫೈ ಕೊಡುವ ಸ್ಥಿತಿ) ಇದ್ದರೆ ಅದನ್ನು ಆಯ್ಕೆ ಮಾಡಿ. ಇಲ್ಲದಿದ್ದರೆ ಅದರ ವಿಳಾಸವನ್ನು ಮೊದಲ ರೂಟರ್‌ನ ಸಾಲಿಗೆ ಸೇರುವಂತೆ, ಬೇರೆ ಯಾರೂ ಬಳಸದ 192.168.1.2 ಇಂಥದ್ದಕ್ಕೆ ಬದಲಿಸಿ, ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿ, ಮೊದಲ ರೂಟರ್‌ನಿಂದ ಬರುವ ಕೇಬಲನ್ನು ವ್ಯಾನ್ (ಹೊರಗಿನ ಸಂಪರ್ಕದ) ಕಿಂಡಿಯಿಂದ ಕಿತ್ತು ಲ್ಯಾನ್ (ಮನೆಯೊಳಗಿನ ಜಾಲದ) ಕಿಂಡಿಗೆ ಹಾಕಿ. ಅಲ್ಲಿಂದ ಮುಂದೆ ಇಡೀ ಮನೆಗೆ ವಿಳಾಸ ಕೊಡುವ ಯಜಮಾನ ಒಬ್ಬನೇ.

ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸ್ಟ್ರೀಮರ್ ಸೇರಿಸಿದರೂ ಇದೇ ಫಲ. ಅಲ್ಲಿ ಉಪಕರಣಗಳು ಒಂದನ್ನೊಂದು ನೋಡದಂತೆ ತಡೆ ಇರುತ್ತದೆ. ಮೊಬೈಲಿನಲ್ಲಿ ವಿಪಿಎನ್ (ನೆಟ್ ಅನ್ನು ಬೇರೆ ದಾರಿಯಿಂದ ಹಾಯಿಸುವ ಆ್ಯಪ್) ಓಡುತ್ತಿದ್ದರೆ ಅದನ್ನು ನಿಲ್ಲಿಸಿ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಇದೆಯೇ ನೋಡಿ. 2020ರಲ್ಲಿ ಬಂದ ಐಒಎಸ್ 14ರಿಂದ ಈ ಅನುಮತಿ ಕಡ್ಡಾಯ. ಮೊದಲ ದಿನ ಬೇಡವೆಂದು ಒತ್ತಿದವರಿಗೆ ಸ್ಟ್ರೀಮರ್ ಕಾಣುವುದೇ ಇಲ್ಲ.

ಗೋಡೆ ಮತ್ತು ತಿಜೋರಿ

ನಮ್ಮ ಮನೆಯ ರೂಟರ್ ಪಡಸಾಲೆಯ ಗೋಡೆಯ ಮಾಡದಲ್ಲಿತ್ತು. ಎದುರಿಗೇ ಅಜ್ಜನ ಕಾಲದ ಉಕ್ಕಿನ ತಿಜೋರಿ. ಸಿಗ್ನಲ್ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ನಡುಮನೆಯಲ್ಲಿ ಸ್ಟ್ರೀಮರ್ ಮೇಲೆ ಮೊಬೈಲ್ ಇಟ್ಟೆ. ಮೈನಸ್ 78 ತೋರಿಸಿತು. ಈ ಅಳತೆಯಲ್ಲಿ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಉತ್ತಮ, ಮೈನಸ್ 65ರವರೆಗೆ ಚಿಂತೆಯಿಲ್ಲ, ಮೈನಸ್ 75 ದಾಟಿದರೆ ಹಾಡು ಕಡಿಯುವ ಭಯ. ಅಪ್ಪ ಎದ್ದು ನಡುಮನೆಯ ಬಾಗಿಲು ಪೂರ್ತಿ ತೆರೆದರು, ಮೈನಸ್ 72 ಆಯಿತು. ರೂಟರನ್ನು ಮಾಡದಿಂದ ತೆಗೆದು ತಿಜೋರಿಯ ನೆತ್ತಿಯ ಮೇಲೆ, ಬಾಗಿಲಿಗೆ ನೇರವಾಗಿ ಇಟ್ಟೆ, ಮೈನಸ್ 63. ಸಂಜೆ ಬಾಗಿಲು ಮುಚ್ಚಿ ಕೂಡುವುದು ಅಪ್ಪನ ರೂಢಿ. ಹಾಡು ಸಂಜೆಯೇ ಏಕೆ ಕಡಿಯುತ್ತಿತ್ತು ಎಂಬುದು ಆಗ ಹೊಳೆಯಿತು.

ಇಂದಿನ ರೂಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ವೈಫೈ ಕೊಡುತ್ತವೆ. 5ರ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ನಿಧಾನವಾದರೂ ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಸ್ಟ್ರೀಮರ್ ಅನ್ನು 2.4ಕ್ಕೇ ಸೇರಿಸಿ. ಸಂಗೀತಕ್ಕೆ ಆ ವೇಗ ಧಾರಾಳ. ಎರಡೂ ಒಂದೇ ಹೆಸರಿನಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬೇರೆ ಬೇರೆ ಹೆಸರು ಕೊಡಿ. ರೂಟರ್‌ನ ಸೆಟ್ಟಿಂಗ್ಸ್ ತೆರೆಯಲು ಬೇಕಾದ ವಿಳಾಸ, ಪಾಸ್‌ವರ್ಡ್ ಅದರ ಅಡಿಯ ಚೀಟಿಯಲ್ಲಿರುತ್ತವೆ.

ಬಾಗಲಕೋಟೆಯ ಹೊಸ ಊರಾದ ನವನಗರದ ಕಥೆ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಆ ಸೆಕ್ಟರ್‌ಗಳಲ್ಲಿ ಗೋಡೆಗಳು ತೆಳು, ಮನೆಗಳು ಒತ್ತಾಗಿವೆ. ಅಲ್ಲಿನ ಗೆಳೆಯನ ಮನೆಯಲ್ಲಿ ಮೊಬೈಲ್ ತೆರೆದರೆ ಹದಿನೇಳು ವೈಫೈ ಹೆಸರುಗಳು ಕಂಡವು. ಎಲ್ಲವೂ 2.4ರಲ್ಲೇ ಇಕ್ಕಟ್ಟಾಗಿದ್ದರೆ ಒಂದರ ಮಾತು ಇನ್ನೊಂದರ ಮೇಲೆ ಬೀಳುತ್ತದೆ. ಅಲ್ಲಿ ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ಮೇಲು. 2.4ನ್ನೇ ಬಳಸಬೇಕಾದರೆ ಚಾನೆಲ್ 1, 6, 11 ಈ ಮೂರರಲ್ಲಿ ಜನ ಕಡಿಮೆ ಇರುವುದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಏರುವುದಿಲ್ಲ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅನ್ನ ಬಿಸಿ ಮಾಡುವಾಗಲೇ ಹಾಡು ನಿಂತರೆ ಅಚ್ಚರಿಪಡಬೇಡಿ.

ಹೊಸ ರೂಟರ್ ತಂದ ದಿನದಿಂದ ಹಳೆಯ ಸ್ಟ್ರೀಮರ್ ವೈಫೈಗೆ ಸೇರುತ್ತಲೇ ಇಲ್ಲವೆಂದರೆ ಭದ್ರತೆಯ ಸೆಟ್ಟಿಂಗ್ ನೋಡಿ. ಬರೀ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ ಇದ್ದರೆ ಹಳೆಯ ಪೆಟ್ಟಿಗೆಗಳಿಗೆ ಅರ್ಥವಾಗುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆಗೆ ಬದಲಿಸಿ.

ಕೇಬಲ್ ಎಳೆಯುವುದೇ ಲೇಸು

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಖಚಿತ ಅಭಿಪ್ರಾಯವೆಂದರೆ, ಸಾಧ್ಯವಿದ್ದಲ್ಲಿ ಸ್ಟ್ರೀಮರ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಪರೀಕ್ಷೆಗಾದರೂ ಒಂದು ದಿನ ಉದ್ದನೆಯ ಕೇಬಲನ್ನು ನೆಲದ ಮೇಲೆ ಹಾಸಿ ನೋಡಿ. ಕೇಬಲ್‌ನಲ್ಲಿ ಹಾಡು ಕಡಿಯದಿದ್ದರೆ ತಪ್ಪು ವೈಫೈನದು. ಕೇಬಲ್‌ನಲ್ಲೂ ಕಡಿದರೆ ರೂಟರ್ ಅಥವಾ ಹೊರಗಿನ ಸಂಪರ್ಕದ ಕಡೆ ತಿರುಗಿ. ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ.

ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಕೇಳಿ. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಬಾಗಿಸಿದಲ್ಲಿ ಮುರಿಯುತ್ತದೆ. ಕರೆಂಟ್ ವೈರ್ ಇರುವ ಪೈಪಿನೊಳಗೆ ಇದನ್ನು ತೂರಿಸಬೇಡಿ. ನಮ್ಮಲ್ಲಿ ಗೋಡೆ ಕೊರೆಯಲು ಮನಸ್ಸಾಗದೆ ಬಾಗಿಲ ಚೌಕಟ್ಟಿನ ಮೇಲಿಂದ, ತೊಲೆಯ ಅಂಚಿಗೆ ಕ್ಲಿಪ್ ಹೊಡೆದು 18 ಮೀಟರ್ ಎಳೆದೆವು. ತುದಿಯನ್ನು ಸ್ಟ್ರೀಮರ್ ಹಿಂಬದಿಯ ಕಿಂಡಿಗೆ ಒತ್ತಿದಾಗ ಟಕ್ ಎಂದಿತು. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಹೊತ್ತಿಕೊಂಡಿತು. ಆ ಟಕ್ ಕೇಳದಿದ್ದರೆ, ದೀಪ ಹತ್ತದಿದ್ದರೆ ಕೇಬಲ್ ತುದಿ ಸರಿಯಾಗಿ ಕೂತಿಲ್ಲ. ಈಗ ಅಪ್ಪ ಬಾಗಿಲು ಮುಚ್ಚಿಕೊಂಡೇ ಕೇಳುತ್ತಾರೆ.

ಕೇಬಲ್ ಹಾಕಿದ ಮೇಲೆ ರೂಟರ್‌ನಲ್ಲಿ ಸ್ಟ್ರೀಮರ್‌ಗೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸಿ. ಪ್ರತಿ ಸಲ ಅದೇ ವಿಳಾಸ ಸಿಗುವುದರಿಂದ ಹುಡುಕುವುದು ಸುಲಭ. ಸ್ಟ್ರೀಮರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಈಗ ಹಾಕಿಕೊಳ್ಳಿ, ನಡುವೆ ಕರೆಂಟ್ ಹೋಗದ ಹೊತ್ತು ನೋಡಿ. ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ. ಅದರಿಂದ ಖಾತೆಗಳು, ಉಳಿಸಿಟ್ಟ ರೇಡಿಯೋ ಕೇಂದ್ರಗಳು ಎಲ್ಲ ಅಳಿಸಿಹೋಗುತ್ತವೆ. ಮುಂಚೆಯೇ ಬರೆದಿಟ್ಟುಕೊಳ್ಳಿ.

ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಬೇಕಾಗಿ ಬಂದರೆ ಬರೀ ‘ನೆಟ್ ಬರುತ್ತಿಲ್ಲ’ ಎನ್ನಬೇಡಿ. ಎಲ್‌ಒಎಸ್ ದೀಪದ ಬಣ್ಣ, ಯಾವ ಹೊತ್ತಿಗೆ ಕಡಿಯುತ್ತದೆ, ಕೇಬಲ್‌ನಲ್ಲೂ ಕಡಿಯುತ್ತದೆಯೇ, ಆಗ ಮನೆಯ ಉಳಿದ ಮೊಬೈಲ್‌ಗಳಿಗೆ ನೆಟ್ ಇತ್ತೇ, ಈ ನಾಲ್ಕನ್ನು ದಿನಾಂಕ ಸಮೇತ ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಂಡು ಹೇಳಿ. ಬರುವ ಹುಡುಗ ಮನೆಯೊಳಗಿನ ವೈಫೈ ನೋಡಬೇಕೋ, ಕಂಬ ಹತ್ತಬೇಕೋ ಎಂಬುದನ್ನು ಮೊದಲೇ ತಿಳಿದುಕೊಂಡು ಬರುತ್ತಾನೆ.