ಬೆನ್ನು ಗುದ್ದದೆ ಕಫ ತೆಗೆಸಿದ್ದು: ತೀರ್ಥಹಳ್ಳಿ ಕಡೆಯ ನನ್ನ ಅನುಭವ

ಈ ಸಲದ ಮಳೆಗಾಲದಲ್ಲಿ ನನ್ನ ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಕಾಯಿಲೆ) ಪೇಷೆಂಟುಗಳಲ್ಲಿ ಹೆಚ್ಚಿನವರು ಶಿವಮೊಗ್ಗಕ್ಕೆ ಹೋಗಿ ಅಡ್ಮಿಟ್ ಆಗಲಿಲ್ಲ. ಮಳೆ, ಥಂಡಿ, ಬಚ್ಚಲೊಲೆಯ ಹೊಗೆ ಯಾವುದೂ ಕಡಿಮೆ ಇರಲಿಲ್ಲ. ಔಷಧಿಯೂ ಹಳೆಯದೇ. ನಾನು ಮಾತ್ರ ಬೆನ್ನು ತಟ್ಟುವುದನ್ನು ಬಹುಮಟ್ಟಿಗೆ ಬಿಟ್ಟು ಹಫ್ (ಗಂಟಲು ತೆರೆದು 'ಹಾ' ಅಂತ ರಭಸದಿಂದ ಉಸಿರು ಬಿಡುವುದು) ಮತ್ತು ಊದುವ ನೀರಿನ ಬಾಟ್ಲಿ ಹಿಡಿದಿದ್ದೆ. "ಹಳ್ಳಿ ಜನ ಇದನ್ನೆಲ್ಲ ದಿನಾ ಮಾಡಲ್ಲ, ಸುಮ್ನೆ ಟೈಮ್ ಹಾಳು" ಅಂದವರು ನಮ್ಮ ಫಿಸಿಯೋಥೆರಪಿಸ್ಟುಗಳಲ್ಲೇ ಬೇಕಾದಷ್ಟು ಜನ. ಮಾಡುತ್ತಾರೆ. ನಾನು ಮಾಡಿಸಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಮನೆಗೆ ಹೋಗಿ ಪರ್ಕಷನ್, ವೈಬ್ರೇಷನ್ (ಬೆನ್ನು ತಟ್ಟುವುದು, ಅದುರಿಸುವುದು) ಕೊಟ್ಟರೆ 350 ರೂಪಾಯಿ ತಗೊಳ್ಳುತ್ತಿದ್ದೆ. ಹೊಸನಗರ ದಾರಿಯ ಒಳಗಿನ ಒಂಟಿ ಮನೆಗಳಿಗೆ ಹೋಗಿ ಬಂದರೆ ಪೆಟ್ರೋಲಿಗೇ ನೂರರ ಹತ್ತಿರ. ವಾರಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಹೋಗಲು ನನಗೂ ಆಗುತ್ತಿರಲಿಲ್ಲ, ಕರೆಸಲು ಅವರಿಗೂ ಕಷ್ಟ. ಎಷ್ಟೋ ಮನೆಯಲ್ಲಿ ಅಡಿಕೆ ಮಾರಿದ ಮೇಲೆಯೇ ಕೈಯಲ್ಲಿ ಕಾಸು. ಆದರೆ ಕಫ ಕಟ್ಟುವುದು ದಿನಾ ಅಲ್ವಾ? ಸೋಮವಾರ ತೆಗೆಸಿದ್ದು ಗುರುವಾರಕ್ಕೆ ಮತ್ತೆ ಗೊರಗೊರ. ನನ್ನ ಕೈ ಎಷ್ಟು ಪಳಗಿದ್ದರೂ ಈ ಲೆಕ್ಕ ಕೂಡಿ ಬರುವುದಿಲ್ಲ.

ಮೈ ವಾಲಿಸಿ ಮಲಗಿಸಿ ಕಫ ಇಳಿಸುವ ಪೋಸ್ಚರಲ್ ಡ್ರೈನೇಜಿನದೂ ಬೇರೆ ಕಥೆ. ಮಂಚದ ಕಾಲಡಿಗೆ ಇಟ್ಟಿಗೆ ಇಟ್ಟು ತಲೆ ತಗ್ಗಿಸಿ ಮಲಗಿಸಿದರೆ ಅರ್ಧ ಜನಕ್ಕೆ ಹುಳಿತೇಗು, ಎದೆಯುರಿ. ಬಿಪಿ ಇದ್ದವರಿಗೆ ಅದು ಬೇಡವೇ ಬೇಡ. ವಯಸ್ಸಾದವರು ಹೆದರಿ ಮೈ ಬಿಗಿ ಹಿಡಿದರೆ ಏನೂ ಬರುವುದಿಲ್ಲ. ಈಗ ನಾನು ತಲೆ ತಗ್ಗಿಸುವುದೇ ಇಲ್ಲ. ಸಮತಟ್ಟಾಗಿ ಮಗ್ಗುಲಲ್ಲಿ ಮಲಗಿಸುತ್ತೇನೆ, ಕಫ ಕಟ್ಟಿದ ಕಡೆ ಮೇಲೆ ಬರುವ ಹಾಗೆ. ಕೂತೇ ಮಾಡುತ್ತೇನೆ ಅಂದರೆ ಅದೂ ಸರಿ.

ಆಮೇಲೆ ಅಲುಗಾಟ ಕೊಡುವ ಪೆಪ್ ಸಾಧನಗಳು, ಅಂದರೆ ಅಡ್ಡಿಯ ವಿರುದ್ಧ ಉಸಿರು ಊದಿ ಕಫ ಸಡಿಲಿಸುವಂಥವು. ನೆನಪಿದ್ದ ಹಾಗೆ ಒಂದಕ್ಕೆ 3-4 ಸಾವಿರ ಬಿತ್ತು. ಸ್ವಂತ ದುಡ್ಡಲ್ಲಿ ಎರಡು ತರಿಸಿದೆ. ಒಬ್ಬರು ಊದಿದ್ದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಹಾಗಾಗಿ ಇಬ್ಬರಿಗೆ ಕೊಟ್ಟಲ್ಲಿಗೆ ನನ್ನ ದಾನ ಮುಗಿಯಿತು. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಡೆಗೆ ದುಬಾರಿ, ಅಷ್ಟೇ.

ಆಗ ಬಾಟ್ಲಿಗೆ ಬಂದೆ. ಇದಕ್ಕೆ ಬಬಲ್ ಪೆಪ್ ಅನ್ನುತ್ತಾರೆ: ಬಾಟ್ಲಿಯ ನೀರಿನೊಳಗೆ ಪೈಪಿನಿಂದ ಗುಳ್ಳೆ ಬರುವ ಹಾಗೆ ಉಸಿರು ಬಿಡುವುದು. ಮೊದಲ ಸಲ ಮೀನಿನ ತೊಟ್ಟಿಗೆ ಹಾಕುವ ಪೈಪು ತಂದೆ. ತೀರಾ ಸಪೂರ. ಉಸಿರು ಹೋಗಲು ತಿಣುಕಬೇಕು, ಕೆನ್ನೆ ಉಬ್ಬುತ್ತದೆ, ತಲೆ ತಿರುಗುತ್ತದೆ. ಒಳಗಿನ ಅಗಲ 8 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನೀರಿನ ಒತ್ತಡದ ಜೊತೆ ಪೈಪಿನ ಅಡ್ಡಿಯೂ ಸೇರುತ್ತದೆ. ಈಗ 10 ಮಿಲಿಮೀಟರಿನ ಮೆತ್ತನೆ ಪೈಪು ತರುತ್ತೇನೆ, ಮೀಟರಿಗೆ ಮೂವತ್ತೋ ನಲವತ್ತೋ. ಬಾಟ್ಲಿ ಹೇಗೂ ಮನೆಯಲ್ಲೇ ಇರುತ್ತದೆ. ಪೈಪಿನ ತುದಿ ನೀರಿನ ಮೇಲ್ಮೈಯಿಂದ 10 ಸೆಂಟಿಮೀಟರ್ ಕೆಳಗಿರಬೇಕು. ಸ್ಕೇಲಿಟ್ಟು ಅಳೆದು ಮಾರ್ಕರಿನಲ್ಲಿ ಗೆರೆ ಎಳೆದು ಕೊಡುತ್ತೇನೆ, ಇಲ್ಲದಿದ್ದರೆ ಮೊಮ್ಮಕ್ಕಳು ಕುತ್ತಿಗೆ ತನಕ ತುಂಬಿಸುತ್ತಾರೆ. ಬಾಯಿಗೆ ಮುಚ್ಚಳ ಹಾಕಬಾರದು, ಗಾಳಿ ಆಚೆ ಹೋಗಬೇಕು. ನೀರು ದಿನಾ ಚೆಲ್ಲಬೇಕು. ಮಳೆಗಾಲದಲ್ಲಿ ಪೈಪಿನೊಳಗೆ ಬೂಸ್ಟು ಬರುವುದು ಬೇಗ. ತೊಳೆದು, ಜಾಡಿಸಿ, ನೇತು ಹಾಕಬೇಕು. ತಿಂಗಳಿಗೊಮ್ಮೆ ಪೈಪೇ ಬದಲು.

ಹತ್ತು ಹನ್ನೆರಡು ಉಸಿರು ಬಾಟ್ಲಿಗೆ, ಆಮೇಲೆ ಹಫ್, ಆಮೇಲೆ ಸುಧಾರಿಸಿಕೊಳ್ಳುವ ಉಸಿರು. ಹೀಗೆ ಐದಾರು ಸುತ್ತು. ಬಾಟ್ಲಿ ಬೇಡ ಅಂದವರಿಗೆ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಬೆಳೆದ ಎಸಿಬಿಟಿ ಎಂಬ ಉಸಿರಾಟದ ಕ್ರಮವೇ ಸಾಕು: ಬಾಟ್ಲಿಯ ಬದಲು ಮೂರು ನಾಲ್ಕು ದೊಡ್ಡ ಉಸಿರು, ಪ್ರತಿಸಲ ಮೂರು ಸೆಕೆಂಡ್ ಹಿಡಿದು ಬಿಡುವುದು, ಹಫ್ ಮತ್ತು ಸುಧಾರಿಸಿಕೊಳ್ಳುವ ಉಸಿರು ಅದೇ.

ಎಲ್ಲ ನಿಂತಿರುವುದು ಹಫ್ ಮೇಲೆ. ಕೆಮ್ಮಿ ಕೆಮ್ಮಿ ಸುಸ್ತಾದವರಿಗೆ "ಕೆಮ್ಮಬೇಡಿ" ಅಂದರೆ ಅವರು ನಂಬುವುದಿಲ್ಲ. ಒಬ್ಬ ಅಜ್ಜಿಯ ಮಗ ಜಗಲಿಯಲ್ಲಿ ನಿಂತು ಕೇಳಿಯೇಬಿಟ್ಟ, "ಡಾಕ್ಟ್ರೇ, ಬೆನ್ನು ಮುಟ್ಟಲೇ ಇಲ್ವಲ್ಲ, ಹಾ ಅನ್ನಿಸೋಕೆ ದುಡ್ಡು ಕೊಡ್ಬೇಕಾ?" ಅವನ ಕೈ ಹಿಡಿದು ಅಜ್ಜಿಯ ಬೆನ್ನ ಕೆಳಗೆ, ಪಕ್ಕೆಯ ಹತ್ತಿರ ಇಡಿಸಿದೆ. ಅಂಗೈಗೆ ಗುರುಗುರು ತಾಗುತ್ತಿತ್ತು. ಸಾಧಾರಣ ಉಸಿರು ತಗೊಂಡು ಉದ್ದಕ್ಕೆ ಹಫ್ ಮಾಡಿಸಿದೆ, ಮತ್ತೆ ವಿಶ್ರಾಂತಿ, ಮತ್ತೆ ಹಫ್. ಮೂರನೇ ಸುತ್ತಿಗೆ ಕೆಳಗೆ ಸದ್ದು ತೆಳುವಾಯಿತು. ಅವನ ಕೈಯನ್ನು ಎದೆಯ ಮೇಲೆ, ಕೊರಳೆಲುಬಿನ ಕೆಳಗೆ ತಂದೆ. ಈಗ ಅಲ್ಲಿ ಗುರುಗುರು. ಆಗ ದೊಡ್ಡ ಉಸಿರು ತಗೊಂಡು ಚಿಕ್ಕದೊಂದು ಜೋರು ಹಫ್. ಹಳದಿ ಹಸಿರು ಗಟ್ಟಿ ಕಫ, ಒಂದು ದೊಡ್ಡ ಚಮಚದಷ್ಟು, ಬಟ್ಟಲಿಗೆ ಬಿತ್ತು. ಆಮೇಲೆ ಅವನು ದುಡ್ಡಿನ ಮಾತೆತ್ತಲಿಲ್ಲ. ಈಗ ಅವನೇ ಬೆಳಿಗ್ಗೆ ಕೈಯಿಟ್ಟು ನೋಡುತ್ತಾನೆ.

ಗಂಟಲು ಮುಚ್ಚಿಕೊಂಡು ಹಫ್ ಮಾಡುವವರಿಗೆ ಒಲೆಯ ಊದುಗೊಳವೆ ಕೊಟ್ಟು ನೋಡಿದ್ದೆ. ಎಲ್ಲರೂ ತುಟಿ ಬಿಗಿದು ಕೆನ್ನೆಯಿಂದ ಊದಿದರು. ಅಡುಗೆಮನೆ ಅಭ್ಯಾಸ ಅದು, ಬಿಡುವುದಿಲ್ಲ. ದಪ್ಪ ಕಾಗದ ಸುರುಳಿ ಸುತ್ತಿ ಹಲ್ಲಿನ ನಡುವೆ, ನಾಲಿಗೆಯ ಮೇಲೆ ಇಟ್ಟಾಗ ಗಂಟಲು ತೆರೆಯಿತು. ಸುರುಳಿಯ ಅಳತೆ, ಅದರ ಜೊತೆ ನಾನು ಹೇಳುವ ಒಂದು ಮಾತು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ವರ್ಷಗಟ್ಟಲೆ ಒದ್ದಾಡಿ ಕಂಡುಕೊಂಡದ್ದು. ಕಲಿಯಬೇಕು ಅನ್ನುವವರು ಒಂದು ದಿನ ನನ್ನ ಜೊತೆ ಬೈಕಿನಲ್ಲಿ ಬನ್ನಿ.

ಬೆಲ್ಜಿಯಂನಿಂದ ಬಂದ ಆಟೋಜೆನಿಕ್ ಡ್ರೈನೇಜನ್ನೂ (ಉಸಿರಿನ ಮಟ್ಟ ಬದಲಿಸುತ್ತಾ ಕಫವನ್ನು ಮೇಲೆ ತರುವುದು) ಬಿಡಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಚೆನ್ನಾಗಿ ಹಿಡಿದರು, ಮತ್ಯಾರಿಗೂ ಹತ್ತಲಿಲ್ಲ. ಅಷ್ಟು ತಾಳ್ಮೆಯಿಂದ ಕೂತು ಕಲಿಯಲು ಗದ್ದೆ ತೋಟ ಬಿಡುವುದಿಲ್ಲ. ಕಾಳುಮೆಣಸಿನ ಕಷಾಯ ಬಿಸಿಬಿಸಿಯಾಗಿ ಕುಡಿದರೆ ಗಂಟಲು ಹಾಯೆನಿಸುತ್ತದೆ, ಆದರೆ ಶ್ವಾಸಕೋಶದ ತಳದ ಕಫಕ್ಕೆ ಅದನ್ನೇ ನಂಬಬೇಡಿ. ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಔಷಧಿ ಇದ್ದವರಿಗೆ ಅದನ್ನು ಮೊದಲು ಕೊಟ್ಟು ಒಂದು ಕಾಲು ಗಂಟೆ ಬಿಟ್ಟು ಶುರು ಮಾಡಿ, ಸ್ಟೀರಾಯ್ಡ್ ಇನ್‌ಹೇಲರ್ ಕಫ ತೆಗೆದ ಮೇಲೆ. ಊಟವಾಗಿ ಎರಡು ಗಂಟೆಯೊಳಗೆ ಬೇಡ. ಕಫದಲ್ಲಿ ರಕ್ತ ಕಂಡರೆ ಎಲ್ಲ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿ. ಹಿಂದೆ ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಗಾಳಿ ಸೇರಿ ಅದು ಕುಸಿಯುವುದು) ಆದವರಿಗೆ ಬಾಟ್ಲಿ ಕೊಡಬೇಡಿ.

ಈಗ ಮೊದಲ ಎರಡು ವಾರದಲ್ಲಿ ನಾಲ್ಕೈದು ವಿಸಿಟ್, ಆಮೇಲೆ ವಾರಕ್ಕೊಂದು ಫೋನು, ಎಲ್ಲ ಸೇರಿ ಎರಡು ಸಾವಿರ. ಶುರುವಲ್ಲಿ ನನ್ನ ಆದಾಯ ಇಳಿಯಿತು. ಆದರೆ ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ, ಆರು ತಿಂಗಳಲ್ಲಿ ಮೊದಲಿಗಿಂತ ಜಾಸ್ತಿಯೇ ಆಯಿತು.

ಇನ್ನು ಅಡಿಕೆ ಸುಲಿಗೆ ಬರುತ್ತದೆ. ಬೇಯಿಸುವ ಹೊಗೆ ಒಂದು ಕಡೆ, ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಮುಂದೆ ಕೂರುವುದು ಇನ್ನೊಂದು ಕಡೆ. ಹೋದ ವರ್ಷ ಸಂಜೆಯ ಸುತ್ತು ತಪ್ಪಿದ್ದೇ ಇದರಿಂದ. ಈ ಸಲ ಸುಲಿಯಲು ಕೂರುವ ಮೊದಲು ಬಾಟ್ಲಿ ಮುಗಿಸಬೇಕು, ಎಲೆ ಅಡಿಕೆಗೆ ಏಳುವಾಗ ಎರಡು ಹಫ್ ಮಾಡಬೇಕು ಅಂತ ಮನೆಯವರ ಹತ್ತಿರ ಈಗಲೇ ಒಪ್ಪಿಸಿಕೊಂಡಿದ್ದೇನೆ.